ಮುತ್ತಜ್ಜಿಯ ಎಲೆಯಲ್ಲಿ ಉಂಡದ್ದು

ಕಾಪುವಿನ ಅಜ್ಜಿ ಮನೆಯಲ್ಲಿ ಏಳು ಬಾಗಿಲುಗಳಿದ್ದವು, ಹಗಲು ಹೊತ್ತು ಒಂದನ್ನೂ ಮುಚ್ಚುವ ಪದ್ಧತಿ ಇರಲಿಲ್ಲ. ಹದಿನಾಲ್ಕು ವರ್ಷ ಶಾರ್ಜಾದ ಫ್ಲ್ಯಾಟಿನಲ್ಲಿ ಬೆಳೆದ ನನಗೆ ಬಾಗಿಲು ಎಂದರೆ ಮುಚ್ಚುವ ವಸ್ತು. ಅಜ್ಜಿಗೆ ಅದು ಗಾಳಿ ಬರುವ ಜಾಗ. ನಾನು ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ ಐದು ನಿಮಿಷದೊಳಗೆ ಅವಳು ತಳ್ಳಿಕೊಂಡು ಬಂದು, ಜ್ವರ ಉಂಟಾ ಎಂದು ಹಣೆ ಮುಟ್ಟಿ ನೋಡುತ್ತಿದ್ದಳು. ಜ್ವರ ಇಲ್ಲದಿದ್ದರೆ ಹೆಣ್ಣುಮಗು ಬಾಗಿಲು ಹಾಕುವುದು ಯಾಕೆ ಎಂಬುದು ಅವಳಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಅವಳ ಹಿಂದೆಯೇ ನೆರೆಮನೆಯ ಹೆಂಗಸರು ಬರುತ್ತಿದ್ದರು. ನನ್ನ ಮಂಚದ ಮೇಲೆ ಕೂತು, ನನ್ನ ಬಟ್ಟೆ ಎತ್ತಿ ನೋಡಿ, ಇದು ಹರಿದದ್ದಾ ಅಥವಾ ಹೀಗೆಯೇ ಬರುವುದಾ ಎಂದು ಅಜ್ಜಿಯನ್ನು ಕೇಳುತ್ತಿದ್ದರು. ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ನಾನು ದುಬಾಯಿಯ ಮಗು, ನನಗೆ ಏನು ಗೊತ್ತು. ಶಾರ್ಜಾ ಬೇರೆ, ದುಬಾಯಿ ಬೇರೆ ಎಂದು ಮೊದಲ ವಾರ ನಾನು ತಿದ್ದಿದೆ. ಆಮೇಲೆ ಬಿಟ್ಟೆ. ಕಲ್ಲಿನ ಮೇಲೆ ನೀರು ಸುರಿದ ಹಾಗೆ.

ಪರದೇಶಕ್ಕೆ ಹೋಗುವುದು ಎಂದರೆ ಎಲ್ಲರಿಗೂ ಕಾಪುವಿನಿಂದ ಅತ್ತ ಹೋಗುವುದು. ನನ್ನದು ಉಲ್ಟಾ. ನನ್ನ ಪರದೇಶ ಕಾಪು. ಅಪ್ಪ ಅಲ್ಲಿ ಒಂದು ಕಟ್ಟಡದ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು, ಅಮ್ಮ ಕ್ಲಿನಿಕ್ ಒಂದರಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದಳು. ಮಾರ್ಚ್ ಪರೀಕ್ಷೆ ಮುಗಿದ ಮೇಲೆ ಇಬ್ಬರೂ ನನ್ನನ್ನು ಎದುರು ಕೂರಿಸಿಕೊಂಡು, ನಿನ್ನ ಓದಿಗೆ ಊರೇ ಒಳ್ಳೆಯದು, ಒಂದು ವರ್ಷ ಅಜ್ಜಿಯ ಹತ್ತಿರ ಇರು ಎಂದರು. ನಾನು ಕೂಗಾಡಿದೆ, ಎರಡು ದಿನ ಊಟ ಬಿಟ್ಟೆ. ವಿಮಾನ ನಿಲ್ದಾಣದಲ್ಲೂ ಅಳು ನಿಲ್ಲಲಿಲ್ಲ. ಆಗ ಅಮ್ಮ ನನ್ನ ಕೈ ಹಿಡಿದು ಒಂದು ಮಾತು ಕೊಟ್ಟಳು.

"ಅಜ್ಜಿಯೇ ಬಾಯಿಬಿಟ್ಟು, ಇವಳಿಗೆ ಇಲ್ಲಿ ಆಗುವುದಿಲ್ಲ ಅಂತ ಹೇಳಿದರೆ ಮರುದಿನವೇ ಟಿಕೆಟ್ ಮಾಡಿಸ್ತೇನೆ."

ಈ ಒಂದು ಮಾತು ಹಿಡಿದುಕೊಂಡು ನಾನು ವಿಮಾನ ಹತ್ತಿದೆ. ಅಜ್ಜಿಯ ಬಾಯಿಂದ ಆ ಒಂದು ವಾಕ್ಯ ಹೊರಡಿಸಿದರೆ ಸಾಕು, ನನ್ನ ಕೋಣೆ, ನನ್ನ ಶಾಲೆ, ನನ್ನ ಗೆಳತಿಯರು ಎಲ್ಲ ವಾಪಸ್. ಹದಿನಾಲ್ಕು ವರ್ಷದ ಹುಡುಗಿಗೆ ಒಬ್ಬ ಮುದುಕಿಯನ್ನು ಬೇಸರಪಡಿಸುವುದು ಎಷ್ಟು ಹೊತ್ತಿನ ಕೆಲಸ? ಒಂದು ವಾರ ಎಂದು ನನ್ನ ಅಂದಾಜು.

ಆದರೆ ನಮ್ಮ ಅಜ್ಜಿ ನಲವತ್ತು ವರ್ಷ ಮೀನು ಮಾರಿದವಳು. ಬೆಳಿಗ್ಗೆ ಮಲ್ಪೆ ಬಂದರಿಗೆ ಹೋಗಿ ಮೀನು ಕೊಂಡು, ಅಲ್ಯೂಮಿನಿಯಂ ಬೋಗುಣಿಯೊಂದಿಗೆ ಬಸ್ಸು ಹತ್ತಿ, ಮಣಿಪಾಲದ ಮನೆಗಳಿಗೆ ಕೊಟ್ಟು ಬರುತ್ತಿದ್ದಳು. ಡಾಕ್ಟರುಗಳ ಹೆಂಡತಿಯರು ಬಂಗುಡೆ ಮೀನಿನ ಕಿವಿರು ಎತ್ತಿ ನೋಡಿ, ಇದು ನಿನ್ನೆಯದು ಎಂದು ಮುಖ ಸಿಂಡರಿಸಿದರೆ ಅಜ್ಜಿ ವಾದ ಮಾಡುತ್ತಿರಲಿಲ್ಲ. ಬೋಗುಣಿಯ ಮೇಲೆ ಎಲೆ ಮುಚ್ಚಿ, ಅದು ನಿಮಗೆ ಬೇಡ ಬಿಡಿ ಎಂದು ಎದ್ದುಬಿಡುತ್ತಿದ್ದಳು. ಮೂರು ಹೆಜ್ಜೆ ಇಡುವಷ್ಟರಲ್ಲಿ ಹಿಂದಿನಿಂದ ಕರೆ ಬರುತ್ತಿತ್ತು. ಮೇ ತಿಂಗಳಲ್ಲಿ ಒಂದು ದಿನ, ಮನೆಯಲ್ಲಿ ಒಬ್ಬಳೇ ಕೂತು ಮುಖ ಊದಿಸಿಕೊಳ್ಳುವುದು ಬೇಡ ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಬಸ್ಸು ತುಂಬ ಕಾಲೇಜು ಹುಡುಗರು. ನನ್ನ ಕಾಲ ಬುಡದಲ್ಲಿ ಬೋಗುಣಿ, ಬೋಗುಣಿಯಿಂದ ನನ್ನ ಬಿಳಿ ಶೂ ಮೇಲೆ ತೊಟ್ಟಿಕ್ಕುವ ನೀರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಜ್ಜಿ ಆರಾಮವಾಗಿ ಕಂಡಕ್ಟರನ ಹತ್ತಿರ, ಇದು ನನ್ನ ಮೊಮ್ಮಗಳು, ದುಬಾಯಿಯಿಂದ ಬಂದದ್ದು ಎಂದು ಪರಿಚಯ ಮಾಡಿದಳು. ಇಂಥವಳನ್ನು ನಾನು ಮುಖ ಸಿಂಡರಿಸಿ ಸೋಲಿಸಲು ಹೊರಟಿದ್ದೆ.

ಆದರೂ ಪ್ರಯತ್ನದಲ್ಲಿ ನಾನು ಕೊರತೆ ಮಾಡಲಿಲ್ಲ. ಕುಚ್ಚಲಕ್ಕಿ ಗಂಜಿ ಮುಟ್ಟುವುದಿಲ್ಲ ಎಂದೆ. ಅಜ್ಜಿ ಬೇಡ ಬಿಡು ಎಂದು ತಟ್ಟೆ ಎತ್ತಿಕೊಂಡು ಹೋದಳು, ಸಾಯಂಕಾಲ ಹಸಿವೆಯಾಗಿ ಅದೇ ಗಂಜಿಯನ್ನು ನಾನೇ ಬಡಿಸಿಕೊಂಡೆ. ಬಂದವರೆಲ್ಲರ ಎದುರು ತುಳು ಬರುವುದಿಲ್ಲವೆಂದು ಬಾಯಿ ಮುಚ್ಚಿ ಕೂತೆ, ಅಷ್ಟು ಮರ್ಯಾದೆಯ ಮಗು ಎಂದು ಹೆಸರು ಬಂತು. ಜೂನ್‌ನಲ್ಲಿ ಶಾಲೆ ಶುರುವಾಗಿ ಮೊದಲ ಕನ್ನಡ ಪರೀಕ್ಷೆಯಲ್ಲಿ ನನಗೆ ಸೊನ್ನೆ ಸಿಕ್ಕಿತು. ಇದಕ್ಕಿಂತ ಗಟ್ಟಿ ಪುರಾವೆ ಬೇಕೇ? ಪೇಪರನ್ನು ಹಬ್ಬದ ತಿಂಡಿಯಂತೆ ಹಿಡಿದುಕೊಂಡು ಬಂದು ಅಜ್ಜನ ಮಡಿಲಿಗೆ ಹಾಕಿದೆ. ಅಜ್ಜ ಜಗಲಿಯಲ್ಲಿ ಕೂತು ಯಾರದ್ದೋ ಬಲೆ ರಿಪೇರಿ ಮಾಡುತ್ತಿದ್ದರು. ಪ್ರಾಯದಲ್ಲಿ ಸಮುದ್ರಕ್ಕೆ ಹೋದವರು, ಈಗ ಮೊಣಕಾಲು ಹೇಳಿದ ಮಾತು ಕೇಳದ ಕಾರಣ ಬೇರೆಯವರ ಬಲೆ ಹೆಣೆದು ಕೊಡುತ್ತಿದ್ದರು. ಕನ್ನಡಕ ಏರಿಸಿ ಪೇಪರನ್ನು ತುಂಬ ಹೊತ್ತು ನೋಡಿದರು. ಸೊನ್ನೆ ಲಾಯ್ಕ ದುಂಡಗೆ ಉಂಟು ಎಂದು ವಾಪಸ್ ಕೊಟ್ಟರು.

ಶುಕ್ರವಾರ ಅಲ್ಲಿ ರಜೆ, ಅಮ್ಮನ ಫೋನ್ ಬರುತ್ತಿತ್ತು. ಅಜ್ಜನಿಗೆ ಕಿವಿ ಮಂದ, ಆದ್ದರಿಂದ ಫೋನು ಯಾವಾಗಲೂ ಸ್ಪೀಕರಿನಲ್ಲಿ. ಅಮ್ಮ ಕೇಳುವ ಮೊದಲ ಪ್ರಶ್ನೆ ನಿಶ್ಮಿ ಹೇಗಿದ್ದಾಳೆ ಎಂದು. ನಾನು ಪಕ್ಕದಲ್ಲೇ ಹುಲಿಯ ಹಾಗೆ ಕಾದು ಕೂತಿರುತ್ತಿದ್ದೆ. ಅಜ್ಜಿ ನನ್ನ ಮುಖ ನೋಡಿಕೊಂಡೇ ಹೇಳುತ್ತಿದ್ದಳು, ಮಗು ಚೆಂದ ಉಂಟು, ಗಂಜಿ ಊಟ ಮಾಡ್ತದೆ, ಕನ್ನಡ ಕಲೀತಾ ಉಂಟು, ಎಂತ ತಾಪತ್ರಯ ಇಲ್ಲ. ಅದು ಸುಳ್ಳು ಎಂದು ನಾನು ಕಿರುಚಿದರೆ, ಕೇಳಿದೆಯಾ, ಸ್ವರ ಎಷ್ಟು ಗಟ್ಟಿ ಆಗಿದೆ ನೋಡು ಎನ್ನುತ್ತಿದ್ದಳು. ಫೋನು ಇಟ್ಟ ಮೇಲೆ ನಾನು ಜಗಳ ತೆಗೆಯುತ್ತಿದ್ದೆ. ಒಂದು ಸಲ, ಒಂದೇ ಒಂದು ಸಲ ನಿಜ ಹೇಳಲು ನಿನಗೇನು ಕಷ್ಟ? ನನಗೆ ನೀನೂ ಬೇಡ, ನಿನ್ನ ಈ ಮೀನುವಾಸನೆಯ ಮನೆಯೂ ಬೇಡ ಎಂದು ಒಂದು ಶುಕ್ರವಾರ ಹೇಳಿಯೂಬಿಟ್ಟೆ. ಅಜ್ಜಿ ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಯುವುದು ಒಂದು ಕ್ಷಣ ನಿಂತಿತು. ಆಮೇಲೆ, ವಾಸನೆ ಹೌದು, ಅದು ಹೋಗುವುದಿಲ್ಲ ಎಂದು ಮತ್ತೆ ತುರಿಯತೊಡಗಿದಳು. ಅಜ್ಜ ಜಗಲಿಯಿಂದಲೇ, ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಎಂದು ಗಾದೆ ಬಿಟ್ಟರು. ಅಜ್ಜನ ಹತ್ತಿರ ಎಲ್ಲದಕ್ಕೂ ಗಾದೆ ಇರುತ್ತಿತ್ತು, ಪರಿಹಾರ ಯಾವುದಕ್ಕೂ ಇರುತ್ತಿರಲಿಲ್ಲ.

ಹೀಗೆ ಆಷಾಢದ ಮಳೆಯ ಜೊತೆ ತುಳುವರ ಆಟಿ ತಿಂಗಳು ಬಂತು. ಆಟಿಯಲ್ಲಿ ಒಂದು ದಿನ ನಮ್ಮ ಮನೆಯಲ್ಲಿ ಗತಿಸಿದವರಿಗೆ ಬಡಿಸುವ ಕ್ರಮ. ತೀರಿಹೋದ ಹಿರಿಯರಿಗೆ ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ ಹಾಕಿ, ಬದುಕಿದ್ದಾಗ ಅವರವರಿಗೆ ಇಷ್ಟವಿದ್ದದ್ದನ್ನೆಲ್ಲ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಹಾಕಿ ಎಲ್ಲರೂ ಹೊರಗೆ ಸುಮ್ಮನೆ ಕೂರುವುದು. ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಹಿರಿಯರೊಬ್ಬರು ಕೆಮ್ಮಿ ಸೂಚನೆ ಕೊಟ್ಟು ಬಾಗಿಲು ತೆರೆಯಬೇಕು. ಅದಾಗುವವರೆಗೆ ಬದುಕಿದ್ದವರು ಯಾರೂ ಒಂದು ತುತ್ತು ತಿನ್ನುವಂತಿಲ್ಲ. ವರ್ಷವಿಡೀ ತೆರೆದೇ ಇರುವ ಆ ಮನೆಯಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚುವುದು ಅದೊಂದೇ ದಿನ. ಈಗ ನಾನು ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಆಗ ಇದರಲ್ಲಿ ಒಂದಕ್ಷರವೂ ನನಗೆ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಹೇಳಿರಲಿಲ್ಲ. ಹುಟ್ಟಿದಂದಿನಿಂದ ಎಲ್ಲರಿಗೂ ಗೊತ್ತಿರುವ ವಿಷಯವನ್ನು ಆ ಮನೆಯಲ್ಲಿ ಯಾರೂ ಯಾರಿಗೂ ಹೇಳುತ್ತಿರಲಿಲ್ಲ, ಮಾಡದಿದ್ದರೆ ಮಾತ್ರ ಬೈಯುತ್ತಿದ್ದರು.

ಆ ಭಾನುವಾರ ಅಜ್ಜಿಯ ಅಣ್ಣ ಪಡುಬಿದ್ರಿಯಿಂದ ಬಂದಿದ್ದರು. ಎಲ್ಲರೂ ಅವರನ್ನು ದೊಡ್ಡಮಾಮ ಎನ್ನುತ್ತಿದ್ದರು. ಕುಟುಂಬಕ್ಕೆ ಹಿರಿಯರು, ಬಿಳಿ ಪಂಚೆ, ಬಿಳಿ ಮೀಸೆ, ಗಂಟಲಿನಲ್ಲಿ ಯಾವಾಗಲೂ ಸಿದ್ಧವಿರುವ ಒಂದು ಕೆಮ್ಮು. ಕಾರ್ಕಳದಿಂದ ಚಿಕ್ಕಮ್ಮ, ಉಡುಪಿಯಿಂದ ಇನ್ನಷ್ಟು ನೆಂಟರು. ಬೆಳಿಗ್ಗಿನಿಂದ ಅಡುಗೆಮನೆಯಲ್ಲಿ ಕೋಳಿ ಸುಕ್ಕ, ರೊಟ್ಟಿ, ಒಣ ಸಿಗಡಿ ಚಟ್ನಿ, ಕೇದಗೆ ಎಲೆಯಲ್ಲಿ ಬೇಯುವ ಮೂಡೆಯ ಪರಿಮಳ. ನನಗೆ ಮಾತ್ರ ಒಂದು ಲೋಟ ಚಹಾ. ತಿಂಡಿ ಎಲ್ಲಿ ಎಂದರೆ, ಇವತ್ತು ಆಮೇಲೆ, ಮೊದಲು ಮಿಂದು ಬಾ ಎಂದರು. ನಾನು ಸಿಟ್ಟಿನಿಂದ ಬಚ್ಚಲು ಸೇರಿ, ಹಂಡೆಯ ಬಿಸಿನೀರು ಪೂರ್ತಿ ಖಾಲಿಯಾಗುವವರೆಗೆ, ಸುಮಾರು ಒಂದು ಗಂಟೆ, ಸ್ನಾನ ಮಾಡಿದೆ. ನಾನು ಒಳಗಿರುವುದೇ ಎಲ್ಲರಿಗೂ ಮರೆತುಹೋಯಿತು. ಬಚ್ಚಲಿನಿಂದ ಒಳಕೋಣೆಗೆ ಒಂದು ಸಣ್ಣ ಬಾಗಿಲಿತ್ತು. ಮುಂದಿನ ದೊಡ್ಡ ಬಾಗಿಲನ್ನು ಅವರು ಮುಚ್ಚಿದ್ದರು, ಇದನ್ನು ಯಾರೂ ನೆನೆಸಿಕೊಂಡಿರಲಿಲ್ಲ.

ತಲೆಗೆ ಟವೆಲು ಸುತ್ತಿಕೊಂಡು ನಾನು ಒಳಗೆ ಬಂದಾಗ ದೀಪದ ಬೆಳಕಿನಲ್ಲಿ ಸಾಲಾಗಿ ಐದು ಎಲೆ. ಎಲ್ಲ ಎಲೆಗಳಲ್ಲೂ ತುಂಬ ಬಡಿಸಿದ ಊಟ, ಹಬೆ ಇನ್ನೂ ಏಳುತ್ತಿತ್ತು. ಒಂದರ ಪಕ್ಕ ಬೀಡಿ ಕಟ್ಟು ಇತ್ತು, ಅದು ಅಜ್ಜನದ್ದಿರಬೇಕು ಎಂದುಕೊಂಡೆ. ಇನ್ನೊಂದರ ಪಕ್ಕ ಲೋಟದಲ್ಲಿ ಏನೋ ಕೆಂಪಗಿನದ್ದು, ಮೂಸಿ ನೋಡಿ ದೂರ ಸರಿಸಿದೆ. ಕೊನೆಯ ಎಲೆಯಲ್ಲಿ ಕೋಳಿಯ ಕಾಲು ಇತ್ತು, ರೊಟ್ಟಿಗಳ ಮೇಲೆ ಕೋಳಿ ರಸ ಹೊಯ್ದಿದ್ದರು. ಅಂತೂ ಈ ಮನೆಯವರಿಗೆ ಕರೆಯದೆ ಬಡಿಸುವಷ್ಟು ಬುದ್ಧಿ ಬಂತು ಎಂದು ಕೂತೆ. ಆ ಊರಿಗೆ ಬಂದ ಮೇಲೆ ಅಷ್ಟು ಖುಷಿಯಿಂದ ನಾನು ಊಟ ಮಾಡಿದ್ದು ಅದೇ ಮೊದಲು. ಎರಡನೆಯ ರೊಟ್ಟಿ ಮುಗಿಸಿ ಕಾಲಿನ ಮೂಳೆ ಚೀಪುತ್ತಿದ್ದಾಗ ಹೊರಗೆ ದೊಡ್ಡಮಾಮ ಕೆಮ್ಮಿದ್ದು ಕೇಳಿತು. ಬಾಗಿಲು ತೆರೆಯಿತು.

ಹತ್ತು ಹನ್ನೆರಡು ಜನ ಕೈ ಮುಗಿದುಕೊಂಡು ನಿಂತಿದ್ದರು. ನಾನು ಮೂಳೆ ಹಿಡಿದುಕೊಂಡು ಕೂತಿದ್ದೆ. ಯಾರೋ ಉಸಿರೆಳೆದುಕೊಂಡರು. ಚಿಕ್ಕಮ್ಮ ಬಾಯಿಗೆ ಸೆರಗು ಹಿಡಿದಳು, ನಗು ತಡೆಯಲೋ ಅಳು ತಡೆಯಲೋ ಎಂದು ನಾನು ಇವತ್ತಿಗೂ ಅವಳನ್ನು ಕೇಳಿಲ್ಲ. ದೊಡ್ಡಮಾಮನ ಮುಖ ಕೆಂಪಾಯಿತು. ಗತಿಸಿದವರ ಎಲೆಗೆ ಎಂಜಲು ಮಾಡಿದ್ದಾಳೆ, ಈ ವರ್ಷ ಈ ಮನೆಗೆ ಏನಾಗುತ್ತದೋ ಎಂದು ಶುರು ಮಾಡಿ, ಕೊನೆಗೆ ಅಜ್ಜಿಯ ಕಡೆ ತಿರುಗಿ ಅವರು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ಇವಳು ಇಲ್ಲಿಗೆ ಆಗುವ ಹುಡುಗಿ ಅಲ್ಲ. ಅಪ್ಪ ಅಮ್ಮನಿಗೆ ಫೋನ್ ಮಾಡು, ಬಂದು ಕರೆದುಕೊಂಡು ಹೋಗಲಿ."

ನನ್ನ ಎದೆ ಹಾರಿತು, ಹೆದರಿಕೆಯಿಂದಲ್ಲ. ಮೂರು ತಿಂಗಳು ತಲೆ ಕೆಳಗೆ ಕಾಲು ಮೇಲೆ ಮಾಡಿದರೂ ಸಿಗದಿದ್ದ ವಾಕ್ಯ ಎರಡು ರೊಟ್ಟಿಗೆ ಸಿಕ್ಕಿತ್ತು. ಅಜ್ಜಿ ಒಂದು ಹೂಂ ಎಂದರೆ ಮುಗಿಯಿತು. ಅವಳು ಹೂಂ ಎನ್ನಲಿಲ್ಲ. ಒಳಗೆ ಬಂದು, ಎಲೆಗಳನ್ನು ಬೆರಳು ಮಾಡಿ ಒಂದೊಂದಾಗಿ ಎಣಿಸಿ, ನಾನು ಕೂತ ಎಲೆಯ ಎದುರು ನಿಂತಳು.

"ಅಣ್ಣ, ಇದು ಯಾರ ಎಲೆ?"

"ಅಮ್ಮನದ್ದು," ಎಂದರು ದೊಡ್ಡಮಾಮ. ಅಂದರೆ ನನ್ನ ಮುತ್ತಜ್ಜಿ ಪದ್ದಕ್ಕನದ್ದು.

"ಐದು ಎಲೆ ಉಂಟು. ನಾಲ್ಕು ಬಿಟ್ಟು ಇದರಲ್ಲೇ ಹೋಗಿ ಕೂತದ್ದು ಯಾಕೆ? ಅಮ್ಮನಿಗೆ ಇಷ್ಟದ ರೊಟ್ಟಿ ಮುಗಿದಿದೆ, ಕೋಳಿಕಾಲು ಮುಗಿದಿದೆ. ಬನ್ನಿ ಅಂತ ಕರೆದದ್ದು ನೀವೇ. ಬಂದು ಉಂಡ ಮೇಲೆ ಬೈಯುವುದಾ?"

ದೊಡ್ಡಮಾಮ ಏನು ಹೇಳಿಯಾರು? ಅಲ್ಲ ಎಂದರೆ ತಾನು ಕರೆದರೂ ಅಮ್ಮ ಬರಲಿಲ್ಲ ಎಂದಾಯಿತು. ಹೌದು ಎಂದರೆ ಅಮ್ಮನಿಗೇ ಬೈದಂತಾಯಿತು, ಆ ಅಮ್ಮನಿಗೋ ಅವರು ಅರವತ್ತು ದಾಟಿದ ಮೇಲೂ ಹೆದರುತ್ತಿದ್ದರಂತೆ. ಅವರು ನನ್ನನ್ನು ನೋಡಿದರು, ಎಲೆಯನ್ನು ನೋಡಿದರು. ಕೊನೆಗೆ ಹೆಗಲ ಮೇಲಿನ ಶಾಲು ತೆಗೆದು ಸೊಂಟಕ್ಕೆ ಕಟ್ಟಿಕೊಂಡು, ಇನ್ನೊಂದು ರೊಟ್ಟಿ ಬೇಕಾ ಎಂದು ಕೇಳಿದರು. ನನ್ನನ್ನೇ ಕೇಳಿದ್ದೋ ಅವರಮ್ಮನನ್ನೋ, ಗೊತ್ತಾಗಲಿಲ್ಲ. ಐದು ನಿಮಿಷದಲ್ಲಿ ಮನೆಯ ಗಾಳಿಯೇ ಬದಲಾಯಿತು. ಅಳುವವರು ಅತ್ತರು. ಒಬ್ಬ ಅತ್ತೆ ನನ್ನ ಕಾಲು ಮುಟ್ಟಲು ಬಗ್ಗಿದಳು. ಇನ್ನೊಬ್ಬಳು ತನ್ನ ಮಗಳ ಮದುವೆ ಯಾವಾಗ ಆಗುತ್ತದೆ ಎಂದು ಕೇಳಿದಳು. ಅಜ್ಜ ಮೂಗಿನ ಮೇಲಿನ ಕನ್ನಡಕದಿಂದ ನನ್ನನ್ನು ನೋಡಿ, ಮೂಳೆ ಚೀಪುವ ರೀತಿ ನನ್ನ ಅತ್ತೆ ಪದ್ದಕ್ಕನದ್ದೇ ಎಂದು ಸಾಕ್ಷಿ ಹೇಳಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಹಾಗೆ ಅಜ್ಜಿ ಎಲ್ಲರನ್ನೂ ಉಳಿಸಿದ್ದಳು. ನನ್ನನ್ನು ಮಾತ್ರ ಮುಳುಗಿಸಿದ್ದಳು. ಮುತ್ತಜ್ಜಿಯನ್ನು ಯಾರು ಶಾರ್ಜಾಕ್ಕೆ ಕಳಿಸುತ್ತಾರೆ?

ನನಗೆ ತಡೆಯಲಾಗಲಿಲ್ಲ. ಕೈಯನ್ನೂ ತೊಳೆಯದೆ ಹೋಗಿ ಜಗಲಿಯಲ್ಲಿದ್ದ ಅಜ್ಜನ ಫೋನು ತೆಗೆದು ಅಮ್ಮನಿಗೆ ಮಿಸ್ಡ್ ಕಾಲ್ ಕೊಟ್ಟೆ. ಅಜ್ಜಿ ಹಿಂದೆಯೇ ಓಡಿ ಬಂದಳು. ಈಗ ಬೇಡ ಮಾರಾಯ್ತಿ, ಅವಳು ಕೆಲಸದಲ್ಲಿ ಇರ್ತಾಳೆ ಎಂದು ಫೋನಿಗೆ ಕೈ ಚಾಚಿದಳು. ಅವಳು ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆ ಬಗ್ಗೆ ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಅರ್ಧ ನಿಮಿಷದಲ್ಲಿ ಫೋನು ಬಂತು, ಯಾರಿಗೇನಾಯಿತು ಎಂದು ಅಮ್ಮನ ಗಾಬರಿಯ ಸ್ವರ. ಯಾವಾಗಿನ ಹಾಗೆ ಸ್ಪೀಕರಿನಲ್ಲಿ, ಜಗಲಿ ತುಂಬ ನಿಂತ ನೆಂಟರ ನಡುವೆ. ನಾನು ಒಂದೇ ಉಸಿರಿಗೆ ಹೇಳಿದೆ. ಎಲೆಯ ಕಥೆ, ದೊಡ್ಡಮಾಮ ಹೇಳಿದ್ದು, ಅಜ್ಜಿ ಮೂರು ತಿಂಗಳಿನಿಂದ ಹೇಳುತ್ತಿರುವ ಸುಳ್ಳು. ಅಜ್ಜಿಗಿಂತ ದೊಡ್ಡವರೇ ಕರೆದುಕೊಂಡು ಹೋಗಿ ಎಂದಿದ್ದಾರೆ, ನೀನು ಮಾತು ಕೊಟ್ಟಿದ್ದೀ, ನಾಳೆ ಟಿಕೆಟ್ ಮಾಡಿಸು, ನಾನು ಮನೆಗೆ ಬರಬೇಕು ಎಂದೆ.

ಆ ಕಡೆ ಒಂದು ಬಾಗಿಲು ಮುಚ್ಚಿದ ಸದ್ದು, ಆಮೇಲೆ ಅಮ್ಮನ ಸಣ್ಣ ಸ್ವರ.

"ಯಾವ ಮನೆಗೆ ಮಗಾ? ಅಪ್ಪನ ಕೆಲಸ ಹೋದದ್ದು ಅಜ್ಜಿ ನಿನಗೆ ಹೇಳಲಿಲ್ವಾ? ನೀನು ಹೋದ ವಾರವೇ ಫ್ಲ್ಯಾಟ್ ಬಿಟ್ಟೆವು. ನಾನು ನಾಲ್ಕು ಜನ ಹೆಂಗಸರ ಜೊತೆ ಒಂದು ಕೋಣೆಯಲ್ಲಿದ್ದೇನೆ. ಅಪ್ಪ ಬೇರೆ ಕಡೆ ಇದ್ದಾರೆ, ಕೆಲಸ ಹುಡುಕ್ತಾ."

ಫೋನಿನ ಮೇಲೆ ನನ್ನ ಬೆರಳಿನಿಂದ ಕೋಳಿ ಮಸಾಲೆ ಅಂಟಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ಕೇಳಿಸಿದ್ದು ನನಗೊಬ್ಬಳಿಗೇ ಅಲ್ಲ. ಗಲ್ಫಿನಲ್ಲಿರುವವರ ಕೆಲಸ ಹೋದದ್ದನ್ನು ನಮ್ಮ ಕಡೆ ಯಾರೂ ಹೇಳಿಕೊಳ್ಳುವುದಿಲ್ಲ, ಹೊಸ ಕೆಲಸ ಸಿಗುವವರೆಗೆ ಎಲ್ಲ ಚೆಂದ ಉಂಟು ಎಂದೇ ನಡೆಯುತ್ತದೆ. ಅಜ್ಜಿ ಅದನ್ನು ನನ್ನಿಂದ ಮಾತ್ರವಲ್ಲ, ತನ್ನ ಅಣ್ಣನಿಂದಲೂ, ನೆಂಟರಿಂದಲೂ, ಇಡೀ ಕಾಪುವಿನಿಂದಲೂ ಮುಚ್ಚಿಟ್ಟಿದ್ದಳು. ತೆರೆದ ಬಾಗಿಲಿನ ಮನೆಯಲ್ಲಿ ಇದೊಂದನ್ನು ಅವಳು ಹೇಗೋ ಕಾಪಾಡಿಕೊಂಡಿದ್ದಳು, ನಾನು ಅದನ್ನು ನಡು ಜಗಲಿಯಲ್ಲಿ ಸುರಿದೆ. ನಾಚಿಕೆಯಾಯಿತು. ಅಪ್ಪ ಅಮ್ಮನ ಮೇಲೆ, ಅಜ್ಜಿಯ ಮೇಲೆ, ನನ್ನ ಮೇಲೆ, ಯಾರ ಮೇಲೆ ಮೊದಲು ಸಿಟ್ಟಾಗಬೇಕು ಎಂದು ತಿಳಿಯದೆ ಅಳು ಬಂತು. ಚಿಕ್ಕಮ್ಮ ನೆಂಟರನ್ನು ಒಬ್ಬೊಬ್ಬರನ್ನಾಗಿ ಅಡುಗೆಮನೆಗೆ ತಳ್ಳಿದಳು. ದೊಡ್ಡಮಾಮ ನನ್ನ ಕೈಯಿಂದ ಫೋನು ತೆಗೆದುಕೊಂಡರು, ಗಂಟಲು ಸರಿ ಮಾಡಿಕೊಂಡರು, ಅದೇ ಮೊದಲ ಸಲ ಕೆಮ್ಮು ಅವರಿಗೆ ಸರಿಯಾಗಿ ಬರಲಿಲ್ಲ.

"ನೀನು ಅಳಬೇಡ. ನಮ್ಮದು ಅಳಿಯಕಟ್ಟು, ನಮ್ಮಲ್ಲಿ ಮನೆ ಹೆಣ್ಣುಮಕ್ಕಳದ್ದು. ಇವಳು ಬಂದದ್ದು ಇವಳದೇ ಮನೆಗೆ, ನೆಂಟರ ಮನೆಗೆ ಅಲ್ಲ. ನಾನು ಎಂತ ಹೇಳಿದ್ದೂ ಲೆಕ್ಕಕ್ಕಿಲ್ಲ."

ಆಮೇಲೆ ಎಲ್ಲರ ಊಟ ನಡೆಯಿತು. ಗತಿಸಿದವರು ಉಂಡಾದ ಮೇಲೆ ಬದುಕಿದ್ದವರಿಗೆ ಹಸಿವೆ ತಡೆಯುವುದಿಲ್ಲ, ಸುದ್ದಿ ಎಂಥದ್ದೇ ಇರಲಿ. ಅಪ್ಪನ ವಿಷಯ ಯಾರೂ ಎತ್ತಲಿಲ್ಲ. ಎಲ್ಲರೂ ಅತಿಯಾಗಿ ಕೋಳಿಯ ವಿಷಯ ಮಾತಾಡಿದರು. ಸಾಯಂಕಾಲ ನೆಂಟರು ಒಬ್ಬೊಬ್ಬರಾಗಿ ಬಸ್ಸು ಹಿಡಿದು ಹೋದರು. ಅಜ್ಜಿ ಹಿತ್ತಿಲ ಕಲ್ಲಿನ ಹತ್ತಿರ ಪಾತ್ರೆಗಳ ಗುಡ್ಡೆ ಹಾಕಿಕೊಂಡು ಕೂತಿದ್ದಳು. ನಾನು ಹೋಗಿ ಅವಳ ಎದುರು ನಿಂತೆ. ಕ್ಷಮೆ ಕೇಳಬೇಕೆಂದೇ ಹೋದದ್ದು, ಬಾಯಿಂದ ಬಂದದ್ದು ಜಗಳವೇ. ಯಾಕೆ ಹೇಳಲಿಲ್ಲ? ಮೂರು ತಿಂಗಳು ನಾನು ನಿನಗೆ ಏನೇನೆಲ್ಲ ಅಂದೆ, ಸುಮ್ಮನೆ ಕೇಳಿಕೊಂಡು ಇದ್ದೆಯಲ್ಲ, ಒಂದು ಮಾತು ಹೇಳಿದ್ದರೆ ನಾನು ಬಾಯಿ ಮುಚ್ಚುತ್ತಿದ್ದೆ ಎಂದು ಕೂಗಿದೆ.

ಅಜ್ಜಿ ತಲೆ ಎತ್ತಲಿಲ್ಲ.

"ಹೇಳಿದ್ದರೆ ನೀನು ಅವರ ಮೇಲೆ ಸಿಟ್ಟಾಗ್ತಿದ್ದಿ. ಅವರು ಅಷ್ಟು ದೂರ ಇದ್ದಾರೆ, ಅವರಿಗೆ ಅದನ್ನು ತಡೆಯಲಿಕ್ಕೆ ಆಗ್ತದಾ? ನನ್ನ ಮೇಲೆ ಆದರೆ ಅಡ್ಡಿಯಿಲ್ಲ. ನಾನು ಇಲ್ಲೇ ಇದ್ದೇನಲ್ಲ."

ನನಗೆ ಅದಕ್ಕೂ ಸಿಟ್ಟು ಬಂತು. ಅಜ್ಜಿ ಒಂದು ಹಿಡಿ ತೆಂಗಿನ ನಾರು ಬೂದಿಯಲ್ಲಿ ಅದ್ದಿ ನನ್ನ ಕಡೆ ಚಾಚಿದಳು.

"ಇನ್ನೂ ಬೈಯುವುದಿದ್ದರೆ ತಿಕ್ಕುತ್ತಾ ಬೈ. ಪಾತ್ರೆ ತುಂಬ ಉಂಟು."

ನಾನು ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ದೊಡ್ಡ ಕಡಾಯಿ ಎಳೆದುಕೊಂಡೆ. ಮೂಗು ಒರೆಸಿಕೊಳ್ಳುತ್ತಾ, ತಿಕ್ಕುತ್ತಾ, ಗಂಜಿಯಿಂದ ಹಿಡಿದು ಬಸ್ಸಿನವರೆಗೆ ಎಲ್ಲದಕ್ಕೂ ಬೈದೆ. ಅವಳು ತೊಳೆದು ಕವುಚಿ ಹಾಕುತ್ತಾ ಒಂದೊಂದಕ್ಕೂ ಹೂಂ, ಹೂಂ ಎಂದಳು. ಕತ್ತಲಾಗುವ ಮೊದಲೇ ನನ್ನ ಬೈಗುಳ ಮುಗಿಯಿತು. ಪಾತ್ರೆ ಇನ್ನೂ ಅರ್ಧ ಉಳಿದಿತ್ತು.